ಕಂಪನಿಯ ಸೇವಾ ದಿನ ಮತ್ತು ನಮ್ಮೂರ ಮುಯ್ಯಾಳು

ಪುಣೆಯ ಐಟಿ ಕಂಪನಿಗಳಲ್ಲಿ ದುಡಿಯುವ ನನ್ನಂಥ ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಫೆಬ್ರುವರಿ ಮುಗಿಯುವ ಹೊತ್ತಿಗೆ ಮಾನವ ಸಂಪನ್ಮೂಲ ವಿಭಾಗದ ಇಮೇಲ್‌ಗಳು ಬರತೊಡಗುತ್ತವೆ. ಸ್ವಯಂಸೇವೆಯ ತಾಸುಗಳು ಇನ್ನೂ ಗುರಿ ಮುಟ್ಟಿಲ್ಲ, ಶಾಲೆಗೆ ಬಣ್ಣ ಬಳಿಯಲು ಅಥವಾ ಸಸಿ ನೆಡಲು ಹೆಸರು ಕೊಡಿ ಎಂಬುದು ಅವುಗಳ ಸಾರ. ಜಮಖಂಡಿ ತಾಲ್ಲೂಕಿನ ನಮ್ಮೂರಲ್ಲಿ ಬೇಸಿಗೆಯಲ್ಲಿ ಗುಂಡಿ ತೋಡಿಟ್ಟು, ಮಳೆ ಬಿದ್ದು ನೆಲ ಹಸಿಯಾದ ಮೇಲೆಯೇ ಸಸಿ ಇಡುತ್ತಾರೆ. ಕಂಪನಿಗಾದರೋ ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಬಿಸಿಲಿಗೆ ಒಣಗಿಹೋಗುವ ಸಸಿಯನ್ನು ವರದಿಯ ತಾರೀಖಿಗಾಗಿ ನೆಡುವವರ ಉದ್ದೇಶವನ್ನು ನಾನು ನಂಬಲಾರೆ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿವ್ವಳ ಲಾಭ 5 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ, ಇವುಗಳಲ್ಲಿ ಯಾವುದೊಂದು ಮಿತಿ ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ನೌಕರರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಈ ಖರ್ಚಿಗೆ ಸೇರಿಸುವಂತಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ಹಾಗಿದ್ದೂ ತಾಸುಗಳನ್ನು ಇಷ್ಟು ನಿಷ್ಠೆಯಿಂದ ಎಣಿಸುತ್ತಾರೆಂದರೆ, ಅವುಗಳ ಉಪಯೋಗ ವಾರ್ಷಿಕ ವರದಿಯ ಫೋಟೋಗಳಲ್ಲಿ, ಹೊಸಬರನ್ನು ಸೆಳೆಯುವುದರಲ್ಲಿ, ಇರುವವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದರಲ್ಲಿ ಇದೆ ಎಂದೇ ನಾನು ತಿಳಿಯುತ್ತೇನೆ.

ಇಲ್ಲಿನ ಒಂದು ಶಾಲೆಗೆ ನಾವು ಬಣ್ಣ ಬಳಿಯಲು ಹೋಗಿದ್ದೆವು. ಗೋಡೆಯ ಮೇಲೆ ಬೇರೊಂದು ಕಂಪನಿಯವರು ಬರೆದ ಹಣ್ಣುಗಳ ಚಿತ್ರಗಳು ಇನ್ನೂ ಹೊಳೆಯುತ್ತಿದ್ದವು. ಅವುಗಳ ಮೇಲೆಯೇ ಬಿಳಿ ಬಳಿದು ನಮ್ಮ ಚಿತ್ರಗಳನ್ನು ಬರೆದೆವು. ರಜೆಯ ದಿನವಾದರೂ ಸಮವಸ್ತ್ರ ಹಾಕಿಸಿ ಕರೆತಂದಿದ್ದ ಮಕ್ಕಳು ಫೋಟೋ ಮುಗಿಯುವವರೆಗೆ ವರಾಂಡದಲ್ಲಿ ಸಾಲಾಗಿ ಕುಳಿತಿದ್ದರು. ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಆ ಮಾತನ್ನು ಎತ್ತಿದಾಗ, ಅದು ಈ ದಿನದ ಕಾರ್ಯಕ್ರಮದಲ್ಲಿಲ್ಲ ಎಂಬ ಉತ್ತರ ಸಿಕ್ಕಿತು. ನನ್ನ ಸಹೋದ್ಯೋಗಿಗಳ ಮನಸ್ಸು ಶುದ್ಧವಾಗಿತ್ತು, ಬೆವರಿಳಿಸಿ ದುಡಿದರು. ಅದಕ್ಕೇ ಅವರ ದುಡಿಮೆ ಹೀಗೆ ವ್ಯರ್ಥವಾದದ್ದು ನನ್ನನ್ನು ಹೆಚ್ಚು ನೋಯಿಸುತ್ತದೆ.

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನಿಮ್ಮ ಹೊಲದಲ್ಲಿ ನಾವು, ನಾಳೆ ನಮ್ಮ ಹೊಲದಲ್ಲಿ ನೀವು. ಯಾವ ಕೆಲಸ, ಯಾವ ದಿನ ಎಂಬುದನ್ನು ಹೊಲದವರೇ ಹೇಳುತ್ತಾರೆ, ಬಂದವರು ಅದನ್ನು ಮುಗಿಸಿ ಏಳುತ್ತಾರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ಮುಳುಗಿದಾಗ, ನದಿಯಿಂದ ದೂರವಿದ್ದ ನಮ್ಮೂರಿನ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಗಂಟು ಕಟ್ಟಿದರು. ಒಂದೆರಡು ದಿನಗಳಲ್ಲಿ ನದಿದಂಡೆಯ ಬೀಗರು ಫೋನ್ ಮಾಡಿ, ‘ರೊಟ್ಟಿ ಸಾಕಾಗ್ಯಾವ, ದನಕ್ಕ ಮೇವಿಲ್ಲ’ ಎಂದರು. ಅಂದೇ ಬಣವೆ ಕಿತ್ತು, ಟ್ರ್ಯಾಕ್ಟರಿಗೆ ಕಣಿಕೆ ಹೇರಿ ಕಳಿಸಿದರು. ಸಹಾಯ ಪಡೆಯುವವರು ಬೇಡ ಎನ್ನಲು, ಬೇರೆ ಬೇಕು ಎನ್ನಲು ಅಲ್ಲಿ ಅವಕಾಶವಿತ್ತು. ಊರಿನ ಪದ್ಧತಿ ದೋಷವಿಲ್ಲದ್ದೆಂದು ಹೇಳುತ್ತಿಲ್ಲ: ಭೂಮಿಯಿಲ್ಲದವರು ಮುಯ್ಯಿಯ ಹೊರಗೇ ಉಳಿದರು, ಜಾತಿಯ ಗೆರೆಯೂ ಅದರಲ್ಲಿತ್ತು. ಆದರೆ ಕೇಳಿಸಿಕೊಳ್ಳುವ ಆ ಗುಣವನ್ನು ಕಂಪನಿಗಳು ಕಲಿಯಬಾರದೇಕೆ?

ಕಂಪನಿಗಳು ನಿಜಕ್ಕೂ ಸೇವೆ ಬಯಸುವುದಾದರೆ ನೌಕರರಿಗೆ ಸಂಬಳಸಹಿತ ರಜೆ ಕೊಡಲಿ, ಎಲ್ಲಿ ದುಡಿಯಬೇಕೆಂಬುದನ್ನು ಅವರಿಗೇ ಬಿಡಲಿ, ಟೀ ಶರ್ಟ್ ಮತ್ತು ಬ್ಯಾನರಿನ ಹಣವನ್ನು ಶಾಲೆ ಕೇಳಿದ ನಲ್ಲಿಗೆ ಹಾಕಲಿ. ಒಂದೇ ಶಾಲೆಗೆ ವರ್ಷವಿಡೀ ಗಣಿತ ಹೇಳಿಕೊಡಲು ಹೋಗುವವನಿಗೆ ಬೆಂಬಲ ಸಿಗಲಿ. ಇದಕ್ಕೂ ಮುಂಚೆ ಆಗಬೇಕಾದ ಕೆಲಸ ಕಚೇರಿಯೊಳಗೇ ಇದೆ. ನಮ್ಮ ಮಹಡಿಯನ್ನು ಗುತ್ತಿಗೆಯ ಮೇಲೆ ಗುಡಿಸಿ ಒರೆಸುವ ಹೆಂಗಸರಲ್ಲಿ ಕೆಲವರು ವಿಜಯಪುರ ಜಿಲ್ಲೆಯ ಬರದ ಹಳ್ಳಿಗಳಿಂದ ಬಂದವರು. ಒಂದು ದಿನ ತಪ್ಪಿಸಿದರೂ ಅವರ ಕೂಲಿ ಕತ್ತರಿಸುತ್ತಾರೆ, ಮಗುವಿಗೆ ಜ್ವರ ಬಂದರೂ ಅಷ್ಟೆ. ಅವರಿಗೆ ಸಂಬಳದ ರಜೆ ಸಿಗುವಂತೆ ಗುತ್ತಿಗೆದಾರನೊಂದಿಗಿನ ಕರಾರನ್ನು ತಿದ್ದುವುದು ಕಂಪನಿಯ ಕೈಯಲ್ಲಿದೆ, ಅದನ್ನು ಈ ವರ್ಷವೇ ಮಾಡಬೇಕು.