‘ಆರ್‌ಐಪಿ’ ಹೂಳಿದವರಿಗೆ ಮಾತ್ರವೇ? ಸತ್ಯಾಂಶ ಇಲ್ಲಿದೆ

ಮಹಾರಾಷ್ಟ್ರದ ಅಕ್ಕಲಕೋಟ, ಜತ್ತ ಕಡೆಯ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಸಾವಿನ ಸುದ್ದಿ ಬಂದರೆ, ಅದರ ಹಿಂದೆಯೇ ಹಳೆಯದೊಂದು ಸಂದೇಶವೂ ಬರುತ್ತದೆ. ಸಂತಾಪಕ್ಕೆ ಬರೆಯುವ ಆರ್‌ಐಪಿ ಎಂದರೆ ದೇವರು ತೀರ್ಪು ಕೊಡುವ ದಿನದವರೆಗೆ ಗೋರಿಯಲ್ಲಿ ಮಲಗಿರು ಎಂದರ್ಥ, ಸುಡುವವರಿಗೆ ಹಾಗೆ ಹೇಳಬಾರದು ಎಂಬುದು ಅದರ ಸಾರ.

ಆರ್‌ಐಪಿ ಎಂಬ ಮಾತು ಕ್ರೈಸ್ತರ ಪ್ರಾರ್ಥನೆಯಿಂದ ಬಂದದ್ದು ನಿಜ. ಇಂಗ್ಲಿಷಿನ ‘ರೆಸ್ಟ್ ಇನ್ ಪೀಸ್’ಗಿಂತ ಮೊದಲು ಅದು ಲ್ಯಾಟಿನ್‌ನ ‘ರಿಕ್ವಿಯೆಸ್ಕಾತ್ ಇನ್ ಪಾಚೆ’. ಎರಡರ ಮೊದಲಕ್ಷರಗಳೂ ಒಂದೇ. ಆದರೆ ಅರ್ಥ ‘ಶಾಂತಿಯಿಂದ ವಿಶ್ರಮಿಸಲಿ’ ಎಂದಷ್ಟೇ. ಗೋರಿಯ ಮಾತೂ ಇಲ್ಲ, ತೀರ್ಪಿನ ಮಾತೂ ಇಲ್ಲ. ಅಗಲಿದವರಿಗಾಗಿ ಹೇಳುವ ಹಳೆಯ ಲ್ಯಾಟಿನ್ ಪ್ರಾರ್ಥನೆಯಲ್ಲಿ ಶಾಂತಿ ಬೇಡುವುದು ಆತ್ಮಗಳಿಗೆ, ದೇಹಕ್ಕಲ್ಲ. ಕ್ಯಾಥೊಲಿಕರಿಗೂ 1963ರಿಂದ ದಹನಕ್ಕೆ ಅವಕಾಶವಿದೆ. ಇನ್ನು ನಮ್ಮ ಕಡೆಯ ಲಿಂಗಾಯತರಲ್ಲಿ ಹೂಳುವುದೇ ಪದ್ಧತಿ ಅಲ್ವಾ? ಹೂಳುವುದು, ಸುಡುವುದು ಎಂದು ಧರ್ಮಗಳನ್ನು ಎರಡು ಪಾಲು ಮಾಡಲು ಬರುವುದಿಲ್ಲ.

‘ಶಿವೈಕ್ಯರಾದರು’, ‘ಆತ್ಮಕ್ಕೆ ಶಾಂತಿ ಸಿಗಲಿ’, ಮರಾಠಿ ಬ್ಯಾನರಿನ ‘ಭಾವಪೂರ್ಣ ಶ್ರದ್ಧಾಂಜಲಿ’, ಯಾವುದನ್ನು ಬರೆದರೂ ಚೆಂದವೇ. ನನಗಂತೂ ಕನ್ನಡದ ಮಾತೇ ಹತ್ತಿರ. ಸಂದೇಶ ಕಳಿಸುವವರಲ್ಲಿ ಜಾಸ್ತಿ ಜನರಿಗೂ ನಮ್ಮ ಪದ್ಧತಿ ಉಳಿಯಲಿ ಎಂಬ ಕಾಳಜಿಯೇ ಇರುತ್ತದೆ. ಆದರೆ ದುಃಖದ ಹೊತ್ತಿನಲ್ಲಿ ಆರ್‌ಐಪಿ ಬರೆದವರನ್ನು ತಪ್ಪು ಮಾಡಿದಿರಿ ಎನ್ನಲು ಈ ಕಾರಣ ಸಾಲದು.

ಇಂಥದ್ದು ಬಂದಾಗ ಮೊದಲು ಅದಕ್ಕೆ ಆಧಾರ ಕೊಟ್ಟಿದ್ದಾರೆಯೇ ನೋಡಿ. ಆಮೇಲೆ ಪದದ ಮೂಲವನ್ನೂ ಹೇಳುವ ಇಂಗ್ಲಿಷ್ ನಿಘಂಟು ತೆರೆಯಿರಿ, ಫೋನಿನಲ್ಲೇ ಉಚಿತವಾಗಿ ಸಿಗುತ್ತದೆ. ಒಂದೇ ನಿಘಂಟು ಸಾಲದೆನಿಸಿದರೆ ಇನ್ನೊಂದನ್ನೂ ನೋಡಿ. ಪರಿಚಯದ ಫಾದರ್ ಇದ್ದರೆ ಅವರನ್ನೇ ಕೇಳಬಹುದು.