ಮೊದಲ ಭಾಗ ಓದಿ ಎತ್ತಿಡುವ ಪುಸ್ತಕವಲ್ಲ ಇದು

ಇವತ್ತು ಬೆಳಿಗ್ಗೆ ‘ಮಕ್ಕಳು ಓದಲೇಬೇಕಾದ ಪುಸ್ತಕಗಳು’ ಅಂತ ಮತ್ತೊಂದು ಪಟ್ಟಿ ಕಣ್ಣಿಗೆ ಬಿತ್ತು. ಇಂಗ್ಲಿಷ್ ಕಾದಂಬರಿಕಾರ ಫಿಲಿಪ್ ಪುಲ್ಮನ್ ಹೆಸರು ಕಂಡು ಖುಷಿಯಿಂದ ನೋಡಿದರೆ, ಇರುವುದು ಅವರ ‘ಹಿಸ್ ಡಾರ್ಕ್ ಮಟೀರಿಯಲ್ಸ್’ನ ಮೊದಲ ಭಾಗ ‘ನಾರ್ದರ್ನ್ ಲೈಟ್ಸ್’ ಒಂದೇ. ಪಕ್ಕದಲ್ಲಿ ಒಂದು ಸಾಲಿನ ಪರಿಚಯ: ಒಳಿತು ಕೆಡುಕುಗಳ ನಡುವಿನ ರೋಚಕ ಹೋರಾಟ, ವಯಸ್ಸು 10ರಿಂದ 12. ಉಳಿದೆರಡು ಭಾಗಗಳ ಸುದ್ದಿಯೇ ಇಲ್ಲ. ಮೈ ಉರಿದುಹೋಯಿತು.

ಈ ವಿಷಯ ಬಂದರೆ ನನಗೆ ಬಾಯಿ ಮುಚ್ಚಿಕೊಂಡು ಕೂರಲು ಆಗುವುದಿಲ್ಲ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಈ ಸಲವೂ ಉದ್ದಕ್ಕೇ ಬರೆಯುತ್ತೇನೆ. ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಪುಸ್ತಕ ಓದಿ ಮುಗಿಸಿ ಆಮೇಲೆ ಬನ್ನಿ.

‘ಹಿಸ್ ಡಾರ್ಕ್ ಮಟೀರಿಯಲ್ಸ್’ ಮೂರು ಪುಸ್ತಕಗಳ ಸರಣಿ ಅನ್ನುವುದಕ್ಕಿಂತ, ಮೂರು ಸಂಪುಟಗಳಲ್ಲಿ ಬಂದ ಒಂದೇ ಕಾದಂಬರಿ ಅನ್ನುವುದು ಸರಿ. 1995ರಲ್ಲಿ ‘ನಾರ್ದರ್ನ್ ಲೈಟ್ಸ್’, 1997ರಲ್ಲಿ ‘ದ ಸಟ್ಲ್ ನೈಫ್’, 2000ದಲ್ಲಿ ‘ದಿ ಆಂಬರ್ ಸ್ಪೈಗ್ಲಾಸ್’. ಇದು ಮೂರು ಭಾಗಗಳ ಕಥೆಯ ಮೊದಲ ಭಾಗ ಅಂತ ಪುಲ್ಮನ್ ಮೊದಲ ಪುಸ್ತಕದ ಆರಂಭದಲ್ಲೇ ಹೇಳಿದ್ದಾರೆ. ಪಟ್ಟಿ ಮಾಡುವವರು ಆ ಪುಟವನ್ನಾದರೂ ತಿರುವಿ ನೋಡಬಾರದೇ? ಮೊದಲ ಭಾಗಕ್ಕೆ ಬಂದದ್ದು ಮಕ್ಕಳ ಸಾಹಿತ್ಯಕ್ಕೆ ಕೊಡುವ ಕಾರ್ನೆಗಿ ಪದಕ. ಮೂರನೆಯದಕ್ಕೆ ಬಂದದ್ದು 2001ರ ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿ, ಅದೂ ದೊಡ್ಡವರ ಕಾದಂಬರಿ, ಜೀವನಚರಿತ್ರೆ, ಕವಿತೆಗಳ ಜೊತೆ ಸ್ಪರ್ಧಿಸಿ. ಮಕ್ಕಳ ಪುಸ್ತಕವೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಲೈರಾ ಎಂಬ ಹುಡುಗಿ ಬೆಳೆದ ಹಾಗೆ ಕಥೆಯೂ ಬೆಳೆಯುತ್ತದೆ. ಅವಳನ್ನು ಅರ್ಧ ದಾರಿಯಲ್ಲಿ ಬಿಟ್ಟು ಬಂದವರಿಗೆ ಅದು ಎಲ್ಲಿಂದ ಕಾಣಬೇಕು?

ಆ ‘ಒಳಿತು ಕೆಡುಕುಗಳ ಹೋರಾಟ’ದ ವಿಷಯಕ್ಕೇ ಬರೋಣ. ಲೈರಾಳ ಲೋಕದಲ್ಲಿ ಪ್ರತಿಯೊಬ್ಬ ಮನುಷ್ಯನ ಆತ್ಮವೂ ಪ್ರಾಣಿರೂಪದಲ್ಲಿ, ಡೀಮನ್ ಆಗಿ, ಜೊತೆಗೇ ಓಡಾಡುತ್ತದೆ. ಮಕ್ಕಳ ಡೀಮನ್ ಕ್ಷಣಕ್ಕೊಂದು ರೂಪ ತಾಳುತ್ತದೆ, ಹರೆಯ ಬಂದಾಗ ಒಂದೇ ರೂಪದಲ್ಲಿ ನೆಲೆ ನಿಲ್ಲುತ್ತದೆ. ಉತ್ತರದ ಬೋಲ್ವಾಂಗರ್ ಎಂಬಲ್ಲಿ ಚರ್ಚಿನ ಬೆಂಬಲದ ಮಂಡಳಿಯೊಂದು ಮಕ್ಕಳನ್ನು ಕದ್ದೊಯ್ದು, ಮ್ಯಾಂಗನೀಸ್ ಮತ್ತು ಟೈಟಾನಿಯಂ ಬೆರೆಸಿದ ಬ್ಲೇಡಿನಿಂದ ಮಗುವನ್ನೂ ಡೀಮನ್ನನ್ನೂ ಕತ್ತರಿಸಿ ಬೇರೆ ಮಾಡುತ್ತದೆ. ಅದರ ಹಿಂದಿರುವವಳು ಮಿಸೆಸ್ ಕೋಲ್ಟರ್. ಇಷ್ಟಾಗುವಾಗ ಓದುಗರಿಗೆ ಖಳರು ಯಾರು ಅಂತ ಖಾತ್ರಿಯಾಗಿರುತ್ತದೆ. ಆ ಚರ್ಚಿನ ವಿರುದ್ಧ ನಿಂತವನು ಲಾರ್ಡ್ ಆಸ್ರಿಯಲ್, ಹಾಗಾದರೆ ಅವನೇ ನಾಯಕ ಅಂದುಕೊಳ್ಳುತ್ತೇವೆ. ಕೊನೆಯ ಪುಟಗಳಲ್ಲಿ ಅದೇ ಆಸ್ರಿಯಲ್, ಲೈರಾಳ ಗೆಳೆಯ ರೋಜರ್‌ನನ್ನು ಅವನ ಡೀಮನ್ನಿನಿಂದ ಕತ್ತರಿಸಿ ಬೇರೆ ಮಾಡಿ ಕೊಲ್ಲುತ್ತಾನೆ. ಆ ಕ್ಷಣದಲ್ಲಿ ಹೊಮ್ಮುವ ಶಕ್ತಿಯಿಂದ ಇನ್ನೊಂದು ಲೋಕಕ್ಕೆ ದಾರಿ ತೆರೆಯುತ್ತಾನೆ. ಬೋಲ್ವಾಂಗರ್‌ನಲ್ಲಿ ನಡೆದದ್ದೇ ಇಲ್ಲೂ ನಡೆದದ್ದು. ರೋಜರ್‌ನನ್ನು ಅಲ್ಲಿಯವರೆಗೆ ಕರೆತಂದವಳು ಅವನನ್ನು ಕಾಪಾಡಲು ಹೊರಟಿದ್ದ ಲೈರಾಳೇ. ಇದರಲ್ಲಿ ಒಳಿತಿನ ಪಕ್ಷ ಯಾವುದು ಅಂತ ಆ ಒಂದು ಸಾಲು ಬರೆದವರು ದಯವಿಟ್ಟು ತೋರಿಸಿಕೊಡಲಿ.

2007ರ ಸಿನಿಮಾ ಮಾಡಿದ್ದೂ ಇದೇ ಅನ್ಯಾಯ. ಪುಸ್ತಕದ ಕೊನೆಯ ಅಧ್ಯಾಯಗಳನ್ನೇ ಬಿಟ್ಟು, ಎಲ್ಲ ಸುಖವಾಗಿರುವಾಗ ಪರದೆ ಎಳೆದರು. ರೋಜರ್ ಸಾಯುವುದಿಲ್ಲ, ಆಸ್ರಿಯಲ್ ನಾಯಕನಾಗೇ ಉಳಿಯುತ್ತಾನೆ. ಸಿನಿಮಾ ನೋಡಿದ್ದೇನೆ, ಕಥೆ ಗೊತ್ತು ಅನ್ನುವವರಿಗೆ ಕಥೆ ಗೊತ್ತಿಲ್ಲ. 2019ರಿಂದ 2022ರವರೆಗೆ ಮೂರು ಸೀಸನ್‌ಗಳಲ್ಲಿ ಬಂದ ಟಿವಿ ಸರಣಿ ಮೂರೂ ಭಾಗ ಮುಗಿಸಿತು, ಅಷ್ಟರಮಟ್ಟಿಗೆ ನಿಯತ್ತು ಉಳಿಸಿಕೊಂಡಿತು.

ಮೂರನ್ನೂ ಓದದಿದ್ದರೆ ಏನು ಕೈತಪ್ಪುತ್ತದೆ ಅನ್ನುವುದಕ್ಕೆ ಒಂದು ಎಳೆಯನ್ನು ಬಿಡಿಸಿ ತೋರಿಸುತ್ತೇನೆ. ಲೈರಾ ಸುಳ್ಳು ಹೇಳುವುದರಲ್ಲಿ ನಿಸ್ಸೀಮಳು. ಮೊದಲ ಭಾಗದಲ್ಲಿ ಆ ಸುಳ್ಳುಗಳೇ ಅವಳನ್ನು ಕಾಯುತ್ತವೆ. ಕರಡಿಗಳ ರಾಜ ಯೋಫುರ್‌ಗೆ ಡೀಮನ್ ಬೇಕೆಂಬ ಹಂಬಲವಿದೆ. ಅದನ್ನು ತಿಳಿದು, ತಾನೇ ಯೋರೆಕ್ ಎಂಬ ಕರಡಿಯ ಡೀಮನ್ ಅಂತ ನಂಬಿಸಿ ಯೋಫುರ್‌ನನ್ನು ಯೋರೆಕ್ ಜೊತೆ ಕಾಳಗಕ್ಕೆ ಇಳಿಸುತ್ತಾಳೆ. ಅದಕ್ಕೆ ಮೆಚ್ಚಿ ಯೋರೆಕ್ ಅವಳಿಗೆ ‘ಸಿಲ್ವರ್‌ಟಂಗ್’ ಅಂತ ಬಿರುದನ್ನೇ ಕೊಡುತ್ತಾನೆ. ಮೊದಲ ಭಾಗಕ್ಕೇ ಪುಸ್ತಕ ಮುಚ್ಚಿದವರಿಗೆ ಉಳಿಯುವುದು ಇಷ್ಟೇ: ಚುರುಕು ಹುಡುಗಿ, ಸುಳ್ಳು ಹೇಳಿ ಗೆದ್ದಳು. ಮೂರನೇ ಭಾಗದಲ್ಲಿ ಅವಳು ಸತ್ತವರ ಲೋಕಕ್ಕೆ ಇಳಿಯುತ್ತಾಳೆ. ಅಲ್ಲಿ ಕಾವಲಿರುವ, ಹೆಣ್ಣುಮುಖದ ಹಕ್ಕಿಗಳಾದ ಹಾರ್ಪಿಗಳ ಮುಂದೆ ಎಂದಿನಂತೆ ಕಟ್ಟುಕಥೆ ಶುರುಮಾಡುತ್ತಾಳೆ. ಹಾರ್ಪಿ ‘ಸುಳ್ಳಿ’ ಅಂತ ಕಿರುಚಿ ಮೇಲೆರಗುತ್ತದೆ. ಇಷ್ಟು ದಿನ ಅವಳನ್ನು ಕಾದ ವಿದ್ಯೆ ಒಂದೇ ಏಟಿಗೆ ಕುಸಿದುಬೀಳುತ್ತದೆ. ಆಮೇಲೆ ಅವಳು ತಾನು ಬಾಲ್ಯದಲ್ಲಿ ಆಕ್ಸ್‌ಫರ್ಡಿನ ಇಟ್ಟಿಗೆ ಗೂಡುಗಳ ಕೆಸರಿನಲ್ಲಿ ಮಕ್ಕಳ ಜೊತೆ ಕಾದಾಡಿದ್ದನ್ನು, ಆ ಜೇಡಿಯ ವಾಸನೆಯನ್ನು, ನಿಜವಾಗಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತಾಳೆ. ಹಾರ್ಪಿಗಳು ಒಂದೊಂದಾಗಿ ಬಂದು ಕುಳಿತು ಕೇಳುತ್ತವೆ. ಆ ಹಾರ್ಪಿಗಳ ಜೊತೆ ಕೊನೆಗೆ ಒಪ್ಪಂದವೇ ಆಗುತ್ತದೆ: ಬದುಕಿದ್ದಾಗ ಕಂಡದ್ದರ ನಿಜವಾದ ಕಥೆ ತಂದವರಿಗೆ ಹೊರದಾರಿ ತೋರಿಸುತ್ತೇವೆ ಅಂತ. ಸಾವಿರ ಪುಟಗಳ ಉದ್ದಕ್ಕೂ ಹೂಡಿದ ಹೂಟ ಇದು. ಮೂರನೇ ಒಂದು ಭಾಗ ಓದಿ ನೀತಿ ಹೇಳಲು ಹೊರಟರೆ ತಿರುಗುಮುರುಗಾದ ನೀತಿ ಸಿಗುತ್ತದೆ.

ಇನ್ನೊಂದು. ಮೊದಲ ಭಾಗದ ಆರಂಭದಲ್ಲೇ ಲೈರಾ ಬೆಳೆದ ಜಾರ್ಡನ್ ಕಾಲೇಜಿನ ಮುಖ್ಯಸ್ಥ, ಅಂದರೆ ಮಾಸ್ಟರ್, ತನ್ನ ಗ್ರಂಥಪಾಲಕನಿಗೆ, ಲೈರಾ ಒಂದು ದ್ರೋಹ ಮಾಡಲಿದ್ದಾಳೆ ಅನ್ನುತ್ತಾನೆ. ರೋಜರ್ ಸತ್ತಾಗ ಇದೇ ಆ ದ್ರೋಹ ಅಂದುಕೊಳ್ಳುತ್ತೇವೆ. ಅಲ್ಲ. ಸತ್ತವರ ಲೋಕಕ್ಕೆ ಹೋಗುವ ದೋಣಿಯಲ್ಲಿ ಡೀಮನ್‌ಗೆ ಜಾಗವಿಲ್ಲ. ರೋಜರ್‌ಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಲೈರಾ ತನ್ನ ಡೀಮನ್ ಪ್ಯಾನ್‌ನನ್ನು, ತನ್ನ ಆತ್ಮವನ್ನೇ, ದಡದಲ್ಲಿ ಬಿಟ್ಟು ದೋಣಿ ಹತ್ತುತ್ತಾಳೆ. ಮಾಸ್ಟರ್ ಹೇಳಿದ ದ್ರೋಹ ಇದು. ಮಾಡಲೇಬೇಕಾದ ಕೆಲಸವೂ ಹೌದು, ದ್ರೋಹವೂ ಹೌದು, ಎರಡನ್ನೂ ಪುಲ್ಮನ್ ಒಂದೇ ಪುಟದಲ್ಲಿ ಇಡುತ್ತಾರೆ. ಆ ಪುಟ ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

ಮೂರನೇ ಭಾಗ ಚಿಕ್ಕ ಮಕ್ಕಳಿಗೆ ಭಾರವಾಗುತ್ತದೆ, ಅದಕ್ಕೇ ಮೊದಲನೆಯದನ್ನಷ್ಟೇ ಕೊಡುತ್ತೇವೆ ಅನ್ನುವವರಿದ್ದಾರೆ. ಕೇಳಲು ಸರಿಯಾದ ಮಾತೇ. ಆದರೆ ಅತಿ ಭಾರವಾದದ್ದು ಮೊದಲ ಭಾಗದಲ್ಲೇ ಇದೆಯಲ್ಲ! ಟೋನಿ ಮಕಾರಿಯೋಸ್ ಎಂಬ ಹುಡುಗ, ಕತ್ತರಿಸಿ ತೆಗೆದ ತನ್ನ ಡೀಮನ್ ರ‍್ಯಾಟರ್ ಬದಲಿಗೆ ಒಣಮೀನೊಂದನ್ನು ಎದೆಗವಚಿಕೊಂಡು ಕುಳಿತಿರುತ್ತಾನೆ. ರಾತ್ರಿ ಸಾಯುತ್ತಾನೆ. ಬೆಳಿಗ್ಗೆ ನೋಡಿದರೆ ಯಾರೋ ಆ ಮೀನನ್ನೂ ಕಿತ್ತು ನಾಯಿಗಳಿಗೆ ಹಾಕಿರುತ್ತಾರೆ. ಲೈರಾ ಸಿಟ್ಟಿನಿಂದ ಕುದಿಯುತ್ತಾಳೆ, ಆಮೇಲೆ ಒಂದು ನಾಣ್ಯದ ಮೇಲೆ ರ‍್ಯಾಟರ್ ಹೆಸರು ಕೆತ್ತಿ ಅವನ ಬಾಯಲ್ಲಿಡುತ್ತಾಳೆ. ಇದೇ ಲೈರಾ ಮೊದಲ ಅಧ್ಯಾಯಗಳಲ್ಲಿ ಕಾಲೇಜಿನ ನೆಲಮಾಳಿಗೆಯಲ್ಲಿ ಸತ್ತ ವಿದ್ವಾಂಸರ ತಲೆಬುರುಡೆಗಳಲ್ಲಿದ್ದ, ಅವರವರ ಡೀಮನ್ ರೂಪ ಕೆತ್ತಿದ ನಾಣ್ಯಗಳನ್ನು ತಮಾಷೆಗೆ ಅದಲುಬದಲು ಮಾಡಿದ್ದಳು. ಇದನ್ನು ಓದಬಲ್ಲ ಮಗು ಮೂರನೆಯದನ್ನೂ ಓದಬಲ್ಲದು. ಇದನ್ನು ಓದಲಾಗದ ಮಗುವಿಗೆ ಮೊದಲನೆಯದೂ ಬೇಡ, ಇನ್ನೆರಡು ವರ್ಷ ತಡೆಯಿರಿ. ನಡುವೆ ಕಡಿಯುವುದರಿಂದ ಯಾರಿಗೂ ಉಪಕಾರವಿಲ್ಲ. ಮೊದಲ ಭಾಗ ಮುಗಿಯುವುದು ರೋಜರ್‌ನ ಶವದ ಪಕ್ಕದಲ್ಲಿ, ಮಗುವನ್ನು ಅಲ್ಲೇ ಬಿಟ್ಟು ಬಂದಂತಾಗುತ್ತದೆ. ರೋಜರ್ ಹೊರಬರುವುದು ಮೂರನೆಯದರಲ್ಲಿ.

ದೇವರನ್ನು ಕೊಲ್ಲುವ ಪುಸ್ತಕ ಅಂತ ದೂರುವವರದ್ದೂ ಅದೇ ಕಥೆ. ಅಲ್ಲಿ ‘ಅಥಾರಿಟಿ’ ಅಂದರೆ ತಾನೇ ಸೃಷ್ಟಿಕರ್ತ ಅಂತ ಸುಳ್ಳು ಹೇಳಿದ ಮೊದಲ ದೇವದೂತ, ಈಗ ಹಣ್ಣುಹಣ್ಣು ಮುದುಕ. ಸ್ಫಟಿಕದ ಪಲ್ಲಕ್ಕಿಯೊಳಗೆ ಭಯದಿಂದ ಅಳುತ್ತಿರುತ್ತಾನೆ. ಅವನು ಯಾರೆಂದು ಲೈರಾಗಾಗಲಿ, ಎರಡನೇ ಭಾಗದಲ್ಲಿ ಅವಳಿಗೆ ಜೊತೆಯಾಗುವ ಹುಡುಗ ವಿಲ್‌ಗಾಗಲಿ ಗೊತ್ತೂ ಇಲ್ಲ. ವಿಲ್ ಕರುಣೆಯಿಂದ ಸ್ಫಟಿಕವನ್ನು ಕೊಯ್ಯುತ್ತಾನೆ, ಲೈರಾ ಕೈಹಿಡಿದು ಹೊರಗಿಳಿಸುತ್ತಾಳೆ, ಅವನು ನಿರಾಳವಾಗಿ ಗಾಳಿಯಲ್ಲಿ ಕರಗಿಹೋಗುತ್ತಾನೆ. ಕೊಲೆ ಅನ್ನುವವರು ಆ ಎರಡು ಪುಟ ಓದಿಲ್ಲ.

ಹಾಗಾದರೆ ಓದುವುದು ಹೇಗೆ? ಪ್ರಕಟವಾದ ಕ್ರಮದಲ್ಲೇ ಓದಿ. ‘ಲಾ ಬೆಲ್ ಸೋವಾಜ್’ನಲ್ಲಿ ಲೈರಾ ಹಸುಗೂಸು, ಆದ್ದರಿಂದ ಅದೇ ಮೊದಲು ಅಂತ ಕೆಲವರು ಹೇಳುತ್ತಾರೆ. ಕೇಳಬೇಡಿ. ಅದು ಬಂದದ್ದು 2017ರಲ್ಲಿ, ಮೂಲ ಕಥೆ ಬಲ್ಲವರಿಗಾಗಿ. ಅದನ್ನು ಮೊದಲು ಓದಿದರೆ ಲೈರಾಳ ಅಪ್ಪ ಅಮ್ಮ ಯಾರು ಅನ್ನುವ ಗುಟ್ಟು ಮೊದಲೇ ಬಯಲಾಗುತ್ತದೆ. ಅಮೆರಿಕದಲ್ಲಿ ‘ದ ಗೋಲ್ಡನ್ ಕಂಪಾಸ್’ ಅಂತ ಮಾರುವುದು ‘ನಾರ್ದರ್ನ್ ಲೈಟ್ಸ್’ ಪುಸ್ತಕವನ್ನೇ, ಎರಡನ್ನೂ ಕೊಂಡು ಮೋಸಹೋಗಬೇಡಿ. ಮೂರನೇ ಭಾಗವನ್ನು ಮಾತ್ರ ಬ್ರಿಟಿಷ್ ಆವೃತ್ತಿಯಲ್ಲಿ ಓದಿದರೆ ಒಳ್ಳೆಯದು. ಲೈರಾಳ ಮೈಮನಸ್ಸು ಎಚ್ಚರಗೊಳ್ಳುವ ಕೆಲವು ಸಾಲುಗಳನ್ನು ಅಮೆರಿಕದ ಆವೃತ್ತಿಯಲ್ಲಿ ಮೊಟಕು ಮಾಡಿದ್ದರು. ಕಥೆಯ ಇಡೀ ವಾದ ನಿಂತಿರುವುದೇ ಅದರ ಮೇಲೆ, ಬೆಳೆಯುವುದು ಪಾಪವಲ್ಲ ಅನ್ನುವುದರ ಮೇಲೆ.

ಮೊದಲ ಪುಟದಲ್ಲೇ ಲೈರಾ ಮತ್ತು ಅವಳ ಡೀಮನ್ ಕತ್ತಲ ಹಜಾರದಲ್ಲಿ ನಡೆಯುತ್ತಿರುತ್ತಾರೆ, ಡೀಮನ್ ಅಂದರೇನು ಅಂತ ಯಾರೂ ವಿವರಿಸುವುದಿಲ್ಲ. ನೀವೂ ಮಕ್ಕಳಿಗೆ ವಿವರಿಸಬೇಡಿ, ಹುಡುಕಲೂ ಬೇಡಿ. ನಾಲ್ಕೈದು ಅಧ್ಯಾಯ ಕಳೆದರೆ ತಾನಾಗೇ ಒಳಗಿಳಿಯುತ್ತದೆ. ಮೊದಲೇ ವಿವರಿಸಿದರೆ ಒಣಮೀನಿನ ಪುಟದ ಆಘಾತ ಅರ್ಧಕ್ಕಿಳಿಯುತ್ತದೆ. ಕೇಳಿದ ಪ್ರಶ್ನೆಗೆ ಸತ್ಯ ಹೇಳುವ ಲೈರಾಳ ಯಂತ್ರ ಅಲೀಥಿಯಾಮೀಟರ್ ಕೂಡ ಹಾಗೇ. 36 ಚಿತ್ರಗಳ ಮುಖ, ಮೂರು ಮುಳ್ಳುಗಳನ್ನು ಮೂರು ಚಿತ್ರಗಳ ಮೇಲಿಟ್ಟು ಪ್ರಶ್ನೆ ಕಟ್ಟಬೇಕು, ನಾಲ್ಕನೆಯ ಸೂಜಿ ತಾನೇ ತಿರುಗಿ ಉತ್ತರ ತೋರಿಸುತ್ತದೆ. ಲಂಗರಿನ ಚಿತ್ರವೊಂದಕ್ಕೇ ಭರವಸೆ, ಅಚಲತೆ, ಅಡ್ಡಿ, ಸಮುದ್ರ ಅಂತ ಪದರಪದರವಾಗಿ ಅರ್ಥಗಳು. ಸತ್ಯ ಹೇಳುವ ಯಂತ್ರವೇ ಹೀಗಿರುವ ಪುಸ್ತಕಕ್ಕೆ ಒಂದು ಸಾಲಿನ ನೀತಿ ಅಂಟಿಸುತ್ತಾರಲ್ಲ, ಅದೇ ನನ್ನ ಸಂಕಟ.

ಗಟ್ಟಿಯಾಗಿ ಓದಿ ಹೇಳುವವರಿಗೆ: ಮೂರು ಭಾಗಗಳಲ್ಲಿ ಕ್ರಮವಾಗಿ 23, 15, 38 ಅಧ್ಯಾಯಗಳಿವೆ. ರಾತ್ರಿಗೊಂದು ಅಧ್ಯಾಯವೆಂದರೆ 76 ರಾತ್ರಿ, ಎರಡೂವರೆ ತಿಂಗಳು. ‘ದ ಸಟ್ಲ್ ನೈಫ್’ ಶುರುವಾದಾಗ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ, ಯಾಕೆಂದರೆ ಲೈರಾ ಇಲ್ಲ, ನಮ್ಮದೇ ಲೋಕದ ಹನ್ನೆರಡರ ಹುಡುಗ ವಿಲ್ ಬರುತ್ತಾನೆ. ಮನೆಗೆ ನುಗ್ಗಿದವನೊಬ್ಬ ವಿಲ್ ಮೇಲೆರಗಿದ ರಭಸಕ್ಕೆ ಬೆಕ್ಕಿಗೆ ಎಡವಿ ಮೆಟ್ಟಿಲಿಂದ ಬಿದ್ದು ಸಾಯುತ್ತಾನೆ, ವಿಲ್ ಕೊಲೆಗಾರನಾಗಿ ಓಡಬೇಕಾಗುತ್ತದೆ. ಆ ಒಂದು ಅಧ್ಯಾಯ ದಾಟಿಸಿದರೆ ಸಾಕು, ಮುಂದೆ ಅವರೇ ನಿಮ್ಮನ್ನು ಮಲಗಲು ಬಿಡುವುದಿಲ್ಲ.

ನಿಜವಾಗಿ ಜನ ಕೈಬಿಡುವುದು ‘ದಿ ಆಂಬರ್ ಸ್ಪೈಗ್ಲಾಸ್’ನ ಮುಲೆಫಾ ಅಧ್ಯಾಯಗಳಲ್ಲಿ, ದೊಡ್ಡವರೂ ಸಹ. ಯುದ್ಧ, ಅಪಹರಣ ಎಲ್ಲ ಕುದಿಯುತ್ತಿರುವಾಗ ಕಥೆ ಮೇರಿ ಮಲೋನ್ ಕಡೆ ತಿರುಗುತ್ತದೆ. ಸನ್ಯಾಸಿನಿಯಾಗಿದ್ದು ಅದನ್ನು ಬಿಟ್ಟ ಭೌತವಿಜ್ಞಾನಿ ಅವಳು. ಬೀಜದ ಕಾಯಿಗಳನ್ನು ಚಕ್ರ ಮಾಡಿಕೊಂಡು ಉರುಳುವ ಮುಲೆಫಾ ಎಂಬ ಜೀವಿಗಳ ನಡುವೆ ಕುಳಿತು ಮರದ ಅಂಟಿನಿಂದ ಪದರದ ಮೇಲೆ ಪದರ ಬಳಿದು ಮೆರುಗಿನ ಹಲಗೆ ಮಾಡುತ್ತಿರುತ್ತಾಳೆ. ಇದೆಲ್ಲ ಯಾಕೆ ಅಂತ ಹಾರಿಸಿಬಿಡುತ್ತಾರೆ. ಹಾರಿಸಿದರೆ ಕೆಟ್ಟಿತು! ಆ ಪಾರದರ್ಶಕ ಹಲಗೆಯನ್ನು ಎರಡಾಗಿ ಸೀಳಿ, ಕಾಯಿಯ ಎಣ್ಣೆ ಸವರಿ, ನಡುವೆ ಅಂತರವಿಟ್ಟು ನೋಡಿದಾಗ ಅವಳಿಗೆ ಡಸ್ಟ್ ಕಾಣುತ್ತದೆ. ಅರಿವಿನ ಜೊತೆ ಹುಟ್ಟುವ ಆ ಕಣಗಳು ಮೇಲಿನಿಂದ ಹೂವಿನೊಳಗೆ ಬೀಳುವ ಬದಲು ಅಡ್ಡಕ್ಕೆ ಹರಿದು ಹೋಗುತ್ತಿರುತ್ತವೆ, ಮರಗಳು ಸಾಯುತ್ತಿರುತ್ತವೆ. 300 ವರ್ಷಗಳಿಂದ. ಲೋಕಗಳ ನಡುವೆ ಕಿಂಡಿ ಕೊಯ್ಯುವ ಚಾಕು ಹುಟ್ಟಿದ್ದೂ 300 ವರ್ಷಗಳ ಹಿಂದೆ. ವಿಲ್ ಕೈಯಲ್ಲಿರುವ, ನಾವು ಮೆಚ್ಚಿ ನೋಡಿದ ಆ ಚಾಕು ತೆರೆದ ಪ್ರತಿ ಕಿಂಡಿಯಿಂದ ಡಸ್ಟ್ ಸೋರುತ್ತದೆ, ಪ್ರತಿ ಕಿಂಡಿಯೂ ಮನುಷ್ಯರ ಚೈತನ್ಯ ಹೀರುವ ಸ್ಪೆಕ್ಟರ್ ಎಂಬ ಒಂದು ಭೂತವನ್ನು ಹುಟ್ಟಿಸುತ್ತದೆ. ಹಾಗಾಗಿ ಕಿಂಡಿಗಳನ್ನೆಲ್ಲ ಮುಚ್ಚಲೇಬೇಕು. ಒಂದನ್ನು ಮಾತ್ರ ಉಳಿಸಬಹುದು. ಅದು ಸತ್ತವರು ಹೊರಬರುವ ಕಿಂಡಿಯಾಗಬೇಕೋ, ಲೈರಾ ಮತ್ತು ವಿಲ್ ಒಬ್ಬರನ್ನೊಬ್ಬರು ನೋಡುವ ಕಿಂಡಿಯಾಗಬೇಕೋ? ಮುಲೆಫಾ ಪುಟಗಳನ್ನು ಹಾರಿಸಿದವರಿಗೆ ಈ ಅಂತ್ಯ ಲೇಖಕರು ಸುಮ್ಮನೆ ಕಣ್ಣೀರು ಹಾಕಿಸಲು ತಂದದ್ದು ಅನ್ನಿಸುತ್ತದೆ. ಹಾಗೆ ದೂರಿದವರನ್ನೂ ನೋಡಿದ್ದೇನೆ. ಲೆಕ್ಕವೆಲ್ಲ ಆ ಪುಟಗಳಲ್ಲಿದೆ.

ಮಿಸೆಸ್ ಕೋಲ್ಟರ್ ಬಗ್ಗೆ ಬರೆಯಲು ಹೋದರೆ ಇದು ಇವತ್ತಿಗೆ ಮುಗಿಯುವುದಿಲ್ಲ. ಮಕ್ಕಳನ್ನು ಕದ್ದವಳು ಮಗಳು ಲೈರಾಳಿಗಾಗಿ ಪ್ರಾಣ ಕೊಡುತ್ತಾಳೆ, ಆದರೂ ಪುಲ್ಮನ್ ಅವಳ ಹಳೆಯ ಲೆಕ್ಕವನ್ನು ಅಳಿಸುವುದಿಲ್ಲ ಅಂತಷ್ಟೇ ಹೇಳುತ್ತೇನೆ.

ಪಟ್ಟಿ ಮಾಡುವವರಲ್ಲಿ ನನ್ನ ಬೇಡಿಕೆ ಸಣ್ಣದು. ಒಂದೇ ಸಾಲಿನ ಜಾಗವಿದ್ದರೆ ‘ಹಿಸ್ ಡಾರ್ಕ್ ಮಟೀರಿಯಲ್ಸ್, ಮೂರೂ ಭಾಗ’ ಅಂತ ಬರೆಯಿರಿ. ಮೂರನ್ನೂ ಸೇರಿಸಿದ ಒಂದೇ ಸಂಪುಟವೂ ಸಿಗುತ್ತದೆ. ದಪ್ಪಗಿರುತ್ತದೆ, ಮಲಗಿಕೊಂಡು ಓದಿದರೆ ಕೈ ನೋಯುತ್ತದೆ, ಮೇಜಿನ ಮೇಲಿಟ್ಟು ಓದಿ. ವಯಸ್ಸಿನ ಜಾಗದಲ್ಲಿ 12ರಿಂದ ಮೇಲೆ ಅಂತ ಹಾಕಿ, ಕೊನೆಯ ಮಿತಿ ಹಾಕಬೇಡಿ. ಆ ‘ಒಳಿತು ಕೆಡುಕು’ ಸಾಲನ್ನಂತೂ ಇವತ್ತೇ ತೆಗೆಯಿರಿ.