ಏನೂ ಮಾಡಂಗಿಲ್ರಿ

ಗಂಗಾವತಿಯ ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಒಂದು ಬೋರ್ಡು ನೇತುಬಿದ್ದಿದೆ: ‘ಸಾಕು ನಾಯಿಗಳಿಗೆ ಪ್ರವೇಶವಿಲ್ಲ’. ಬರೆಸಿದವರ ಮನಸ್ಸಿನಲ್ಲಿ ಏನಿತ್ತೋ, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನ ಕಣ್ಣಿಗೆ ಮಾತ್ರ ‘ಸಾಕು’ ಆದಮೇಲೆ ಒಂದು ಅಲ್ಪವಿರಾಮ ಕಾಣುತ್ತದೆ. ‘ಸಾಕು, ನಾಯಿಗಳಿಗೆ ಪ್ರವೇಶವಿಲ್ಲ.’ ಯಾರೋ ಬೇಸತ್ತು ಕೈ ಮುಗಿದಂತೆ. ಅಲ್ಪವಿರಾಮ ಬೇಡವೆಂದರೂ ತೊಡಕು ತಪ್ಪದು. ಸಾಕಿದವಕ್ಕೆ ತಾನೆ ಪ್ರವೇಶವಿಲ್ಲದ್ದು? ಬೀದಿಯವು ಬರಬಹುದು. ಬೀದಿಯವು ಹಾಗೇ ಓದಿಕೊಂಡಿವೆ. ಸಾಕಿದವರು ಓದಲಿಕ್ಕೇ ಹೋಗಿಲ್ಲ.

ಬೀದಿನಾಯಿಗಳ ಮಾತು ಬಿಡಿ, ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದ ವ್ಯಾಜ್ಯ. ನನ್ನ ತಕರಾರು ಬೆಲ್ಟ್ ಬಿಚ್ಚಿ ನಾಯಿ ಬಿಡುವವರ ಒಂದು ವಾಕ್ಯದ ಮೇಲೆ. ಎದುರಿಗೆ ಎಮ್ಮೆಗರುವಿನ ಗಾತ್ರದ ಪ್ರಾಣಿ ನಾಲಿಗೆ ಚಾಚಿಕೊಂಡು ನುಗ್ಗಿ ಬರುತ್ತಿರುತ್ತದೆ. ಯಜಮಾನರು ಐವತ್ತು ಹೆಜ್ಜೆ ಹಿಂದೆ, ಮೊಬೈಲಿನಲ್ಲಿ. ನಾವು ಅಲ್ಲೇ ಕಂಬವಾಗಿ ನಿಂತು “ಕಡಿತೈತೇನ್ರಿ?” ಎಂದು ಕೂಗುತ್ತೇವೆ. ಅವರು ತಲೆ ಎತ್ತದೆ ಹೇಳುತ್ತಾರೆ: “ಏನೂ ಮಾಡಂಗಿಲ್ರಿ, ಬರ್ರಿ ಬರ್ರಿ.”

ವ್ಯಾಕರಣ ಕಲಿಸಿದವನು ಈ ವಾಕ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಇದರಲ್ಲಿ ಕರ್ತೃಪದವೇ ಇಲ್ಲ. ಏನೂ ಮಾಡದಿರುವವರು ಯಾರು? ನಾಯಿಯೋ, ನಾಯಿಯ ಯಜಮಾನರೋ, ಬೋರ್ಡು ಬರೆಸಿದವರೋ? ಯಾರನ್ನು ಹಾಕಿದರೂ ವಾಕ್ಯ ಸರಿಹೋಗುತ್ತದೆ.

ನನಗೆ ನಾಯಿ ಎಂದರೆ ಭಯ ಇದ್ದದ್ದು ನಿಜ. ಐದನೆಯ ಇಯತ್ತೆಯಲ್ಲಿದ್ದಾಗ ಒಂದು ನಾಯಿ ನನ್ನ ಮೀನಖಂಡದ ರುಚಿ ನೋಡಿತ್ತು. ಆಗಿನ ಕಾಲದಲ್ಲಿ ಹೊಕ್ಕುಳ ಸುತ್ತ 14 ಇಂಜೆಕ್ಷನ್. ಈಗಿನವರಿಗೆ ತೋಳಿಗೆ ನಾಲ್ಕೋ ಐದೋ ಚುಚ್ಚಿ ಕಳಿಸುತ್ತಾರೆ. ನಮ್ಮ ಕಾಲದವರು ನಾಯಿಗಿಂತ ಸೂಜಿಗೆ ಹೆಚ್ಚು ಹೆದರಿದವರು. ಕಡಿದ ನಾಯಿಯ ಯಜಮಾನರು ಅವತ್ತು ನಮ್ಮಪ್ಪನಿಗೆ ಹೇಳಿದ್ದು ಬೇರೇನಲ್ಲ: “ಯಾವತ್ತೂ ಏನೂ ಮಾಡಿದ್ದಿಲ್ರಿ ಅದು.”

ಹೀಗಿರುವಾಗ ಮಗ ಬೆಂಗಳೂರಿನಿಂದ ಒಂದು ನಾಯಿ ತಂದು ನಮ್ಮ ಪಡಸಾಲೆಯಲ್ಲಿ ಬಿಟ್ಟು ಹೋದ. ಅವನ ಅಪಾರ್ಟ್‌ಮೆಂಟಿನಲ್ಲಿ ಏನೋ ಕಿರಿಕಿರಿ. ಎರಡು ತಿಂಗಳ ಮಟ್ಟಿಗೆ ಅಂದ. ವರ್ಷ ಆಗುತ್ತ ಬಂತು. ಮುಧೋಳ ತಳಿಯ ಹೆಣ್ಣುನಾಯಿ. ಉದ್ದ ಕಾಲು, ಉದ್ದ ಮೂತಿ, ಬಿಲ್ಲಿನಂತೆ ಬಾಗಿದ ಬೆನ್ನು, ಎಣಿಸಿಕೊಳ್ಳಿ ಎನ್ನುವಂತೆ ಪಕ್ಕೆಲುಬು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಮೇಲೆ ಸ್ಟ್ಯಾಂಪು ತಂದಿದೆ, ಸೈನ್ಯದವರು ಮರಿಗಳನ್ನು ಒಯ್ದು ತರಬೇತಿ ಕೊಟ್ಟಿದ್ದಾರೆ. ಇದೆಲ್ಲ ನಮ್ಮ ಓಣಿಗೆ ಗೊತ್ತಿಲ್ಲ. ಓಣಿಗೆ ಗೊತ್ತಿರುವುದು ಒಂದೇ: ಮಾಸ್ತರು ನಾಯಿಗೆ ಊಟ ಹಾಕುವುದಿಲ್ಲ. ಹಾಲಿನವನು ಕೇಳಿದ, ಇಸ್ತ್ರಿಯವನು ಕೇಳಿದ. ಅಕ್ಕಿ ಗಿರಣಿಗಳ ಊರಲ್ಲಿದ್ದುಕೊಂಡು ಒಂದು ಮೂಕಪ್ರಾಣಿಗೆ ಅನ್ನ ಹಾಕದವರು ಎಂದು ಎದುರುಮನೆಯಾಕೆ ನನ್ನ ಹೆಂಡತಿಗೆ ಕೇಳಿಸುವಂತೆಯೇ ಅಂದಳು. ದಿನಕ್ಕೆ ಮೂರು ರೊಟ್ಟಿ, ಮೇಲೆ ಮೊಟ್ಟೆ ತಿನ್ನುತ್ತದೆ ಎಂದು ಎಷ್ಟು ಮಂದಿಗೆ ಅಂತ ಹೇಳಿಕೊಂಡು ತಿರುಗುವುದು?

ಹೆಸರು ಇಟ್ಟವನು ನಾನು. ಮಗ ಅದಕ್ಕೆ ಯಾವುದೋ ಬಿಸ್ಕತ್ತಿನ ಹೆಸರು ಇಟ್ಟಿದ್ದ. ನಾನು ಕಾಳಿ ಎಂದು ಕರೆದೆ. ಬಣ್ಣ ಹಾಲಿಗೆ ಚಹಾ ಬೆರೆಸಿದಂತಿದೆ, ಕಾಳಿ ಹೇಗಾಯಿತು ಎಂದು ಎಲ್ಲರೂ ಕೇಳುತ್ತಾರೆ. ಇದು ಬಣ್ಣದ ಕಾಳಿಯಲ್ಲ, ಶಾಸನದ ಕಾಳಿ. ಮಂಡ್ಯ ಸೀಮೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲು ಸಿಕ್ಕಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ಅರಸ ಬೂತುಗ ಮೆಚ್ಚಿ, ಏನು ಬೇಕು ಕೇಳು ಎಂದ. ಊರಿಲ್ಲ, ಹೊನ್ನಿಲ್ಲ, ‘ನಿಮ್ಮ ಕಾಳಿ ಎಂಬ ನಾಯಿ ಕೊಡಿ’ ಎಂದ ಆ ಪುಣ್ಯಾತ್ಮ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೊಡೆದಾಡಿಕೊಂಡು ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಪೂಜೆಗೆ ಒಬ್ಬ ಗೊರವನನ್ನು, ಎಂದರೆ ಶೈವ ಪೂಜಾರಿಯನ್ನು, ನೇಮಿಸಿದರು. ಈ ಪಾಠವನ್ನು ಪ್ರತಿವರ್ಷ ಉಬ್ಬಿ ಉಬ್ಬಿ ಹೇಳುತ್ತಿದ್ದೆ. ಶಾಸನದ ಕೊನೆಯ ಸಾಲಿನ ಮೇಲೆ ಮಾತ್ರ ಅಷ್ಟಾಗಿ ನಿಂತವನಲ್ಲ. ಅದು ಆಮೇಲೆ ಬಂತು.

ಮುಧೋಳ ನಾಯಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಏನೋ ಅಲುಗಿದರೆ ಸಾಕು, ಆಮೇಲೆ ಬೆಲ್ಟಿನ ಈ ತುದಿಯಲ್ಲಿ ಯಾರಿದ್ದಾರೆ ಎಂಬುದು ಅದಕ್ಕೆ ಸಂಬಂಧವಿಲ್ಲದ ವಿಚಾರ. ಮೊದಲ ವಾರವೇ ಒಂದು ಅಳಿಲಿನ ದೆಸೆಯಿಂದ ನನ್ನ ಅಂಗೈ ಸುಲಿಯಿತು. ಎರಡನೆಯ ವಾರ, ಪಾರ್ಕಿನಲ್ಲಿ ಇನ್ನೂ ಯಾರೂ ಇಲ್ಲದ ಹೊತ್ತು ನೋಡಿ, ಕೊಕ್ಕೆ ಬಿಚ್ಚಿದೆ.

ಅದು ಓಡಿದ್ದನ್ನು ಏನೆಂದು ಹೇಳಲಿ! ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತಿದ್ದವು. ಬೆನ್ನು ಮಡಿಚಿ ಬಿಚ್ಚುತ್ತಿತ್ತು. ಹುಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ತಿರುಗುವಾಗ ಮಾತ್ರ ಒಂದು ಹಿಡಿ ಮಣ್ಣು ಎಗರಿಸಿ, ಮತ್ತೆ ನನ್ನ ಕಡೆಗೆ. ಮೊಣಕಾಲು ನೋವಿನ ಮನುಷ್ಯ ನಾನು. ನೋಡುತ್ತ ನಿಂತವನಿಗೆ ನಾನೇ ಓಡಿದಂತಾಯಿತು. ಬಿಡುವವರು ಯಾಕೆ ಬಿಡುತ್ತಾರೆ ಎಂಬುದು ಅವತ್ತು ತಿಳಿಯಿತು. ಸೋಮಾರಿತನ ಅಂದುಕೊಂಡಿದ್ದೆ. ಪೂರ್ತಿ ಅದಲ್ಲ.

ಅಷ್ಟರಲ್ಲಿ ಗೇಟಿನಿಂದ ಒಬ್ಬರು ಬಂದರು. ಕಂಡು ಕಂಬವಾದರು. “ಕಡಿತೈತೇನ್ರಿ?” ಎಂದರು. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು: “ಏನೂ ಮಾಡಂಗಿಲ್ರಿ, ಬರ್ರಿ ಬರ್ರಿ.”

ಇದು ಚಳಿಗಾಲದ ಮಾತು. ಏಪ್ರಿಲ್ ಹೊತ್ತಿಗೆ ಪಾರ್ಕಿನ ಮೂಲೆಯಲ್ಲಿ, ಅರ್ಧಕ್ಕೆ ನಿಂತ ವಾಕಿಂಗ್ ಪಾತಿನ ಕಂಕರ್ ಹರವಿದ ಜಾಗದಲ್ಲಿ, ಒಂದು ಜೋಡಿ ಟಿಟ್ಟಿಭ ಸಂಸಾರ ಹೂಡಿದ್ದವು. ತೇನೆಹಕ್ಕಿ ಅಂತಲೂ ಹೇಳುತ್ತಾರೆ. ಹಳದಿ ಕಾಲು, ಕಣ್ಣಿನ ಮುಂದೆ ಕುಂಕುಮದ ಬಣ್ಣದ ತೊಗಲು, ಕರಿ ಕೊರಳು. ಪಂಚತಂತ್ರದಲ್ಲಿ ಸಮುದ್ರ ಮೊಟ್ಟೆ ಒಯ್ದಾಗ ಗರುಡನವರೆಗೂ ದೂರು ಒಯ್ದು ಸಮುದ್ರವನ್ನೇ ಬಗ್ಗಿಸಿದ ಹಕ್ಕಿ ಇದೇ. ಅಷ್ಟು ಪ್ರತಾಪದ ಹಕ್ಕಿಗೆ ಗೂಡು ಕಟ್ಟಲು ಬರುವುದಿಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಚೂಪು ತುದಿ ಒಳಗೆ ಮಾಡಿ ಜೋಡಿಸಿದ ನಾಲ್ಕು ಮೊಟ್ಟೆ, ಅಷ್ಟೆ. ಮಣ್ಣಿನ ಬಣ್ಣಕ್ಕೆ ಕಪ್ಪು ಕಲೆ. ಕಂಕರಿನ ನಡುವೆ ಅವನ್ನು ಮೊದಲು ಕಂಡವಳು ಪಾರ್ಕು ಗುಡಿಸುವ ಅಮ್ಮ. ಅದೂ ಕಸಬರಿಗೆ ತಾಕುವುದಕ್ಕೆ ಒಂದು ಗೇಣು ಮುಂಚೆ. “ತಗ್ಗಿನ್ಯಾಗ ಇಟ್ಟೈತ್ರಿ ಸರ, ಈ ಸಲ ಮಳಿ ಅಷ್ಟಕ್ಕಷ್ಟ” ಎಂದಳು. ಹವಾಮಾನ ವರದಿ ಮುಗಿಸಿ, ಅಷ್ಟು ಜಾಗ ಬಿಟ್ಟು ಗುಡಿಸಿಕೊಂಡು ಹೋದಳು.

ನಮ್ಮ ಕಡೆಯ ಬೇಸಿಗೆಯಲ್ಲಿ ಈ ಹಕ್ಕಿ ಕಾವು ಕೊಡುತ್ತದೆ ಎನ್ನುವುದಕ್ಕಿಂತ ಕಾವು ತಡೆಯುತ್ತದೆ ಎನ್ನಬೇಕು. ಹೊತ್ತು ಏರಿದಂತೆ ಮೊಟ್ಟೆಯ ಮೇಲೆ ಅರ್ಧ ಎದ್ದು ನಿಂತು ನೆರಳು ಮಾಡುತ್ತದೆ. ನೀರಿದ್ದಲ್ಲಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂರುತ್ತದೆ. ನಲ್ಲಿ ಸೋರುವ ಜಾಗದಿಂದ ಕಂಕರಿಗೆ ಅದು ಒದ್ದೆ ಹೊಟ್ಟೆಯಲ್ಲಿ ನಡೆದು ಬರುವುದನ್ನು ನಾನೇ ಕಂಡಿದ್ದೇನೆ. ಕೊಡ ಹೊತ್ತವರ ನಡಿಗೆ.

ಒಂದು ಬೆಳಿಗ್ಗೆ ಕಾಳಿಯನ್ನು ಎಂದಿನಂತೆ ಬಿಟ್ಟೆ. ಗೂಡು ಇರುವ ಮೂಲೆ ದೂರವಿತ್ತು. ಅಷ್ಟು ಎಚ್ಚರ ನನಗಿತ್ತು. ಟಿಟ್ಟಿಭಕ್ಕೆ ದೂರ ಅಂದರೆ ಎಷ್ಟು ಎಂಬುದು ಮಾತ್ರ ಗೊತ್ತಿರಲಿಲ್ಲ. ಎರಡೂ ಹಕ್ಕಿ ಎದ್ದವು. ಇಂಗ್ಲಿಷರ ಕಿವಿಗೆ ಇದರ ಕೂಗು ‘ಡಿಡ್ ಹೀ ಡೂ ಇಟ್’, ಅವನೇ ಮಾಡಿದನಾ, ಎಂದು ಕೇಳಿಸಿತಂತೆ. ಹಾಗೆ ಕೂಗುತ್ತ ಒಂದರ ಹಿಂದೊಂದು ಕಾಳಿಯ ನೆತ್ತಿಗೆ ಎರಗಿದವು. ಕಾಳಿಗೆ ಇದೊಂದು ಹೊಸ ಆಟ. ತಲೆ ತಗ್ಗಿಸುವುದು, ಮುಂಗಾಲು ಚಾಚಿ ಬಗ್ಗುವುದು, ಮತ್ತೆ ಸುತ್ತು ಹೊಡೆಯುವುದು. ಹಕ್ಕಿಯ ಒಂದು ಗರಿಯನ್ನೂ ಅದು ಮುಟ್ಟಲಿಲ್ಲ. ಮೊಟ್ಟೆಯ ಕಡೆ ಹತ್ತು ಮಾರಿನೊಳಗೆ ಸುಳಿಯಲಿಲ್ಲ. ನಾನು ನಗುತ್ತ ನೋಡುತ್ತಿದ್ದೆ.

ಬೇವಿನ ಮರದಿಂದ ಒಂದು ಕಾಗೆ ಇಳಿಯಿತು. ಕಂಕರಿನ ಮೇಲೆ ಪಕ್ಕಪಕ್ಕಕ್ಕೆ ಎರಡು ಕುಪ್ಪಳಿಸಿತು. ಒಮ್ಮೆ ಕುಕ್ಕಿತು. ಕೊಕ್ಕಿನಲ್ಲಿ ಏನೋ ಕಚ್ಚಿಕೊಂಡು ಎದ್ದು ಹೋಯಿತು. ಕಣ್ಣೆವೆ ಮುಚ್ಚಿ ತೆಗೆಯುವಷ್ಟೇ ಹೊತ್ತು. ನಾನು ಹೋಗಿ ನೋಡುವಾಗ ಮೊಟ್ಟೆ ಮೂರಿದ್ದವು, ಕಲ್ಲಿನ ಮೇಲೆ ಹಳದಿ ಒಂದು ಗೆರೆ ಹರಿದಿತ್ತು. ಇರುವೆ ಆಗಲೇ ಬಂದಿದ್ದವು. ಕಾಕತಾಳೀಯ ಎಂಬ ಪದವನ್ನು ಎಷ್ಟೋ ವರ್ಷ ಹುಡುಗರಿಗೆ ಬಿಡಿಸಿ ಹೇಳಿದ್ದೇನೆ. ಈ ಕಾಗೆ ಅದಕ್ಕೆ ಉದಾಹರಣೆಯಲ್ಲ. ಅದು ಯಾವುದಾದರೂ ನಾಯಿ ಬರಲಿ ಎಂದು ಕಾದು ಕೂತಿದ್ದ ಕಾಗೆ.

ಕಾಳಿ ನಿಜಕ್ಕೂ ಏನೂ ಮಾಡಲಿಲ್ಲ. ನಾನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಆಗ ನೆನಪಾದದ್ದು ಆತಕೂರಿನ ಕೊನೆಯ ಸಾಲು. ಆ ಕಲ್ಲನ್ನು ಪೂಜಿಸದೆ ಗೊರವನೇನಾದರೂ ಊಟ ಮಾಡಿದನೋ, ನಾಯಿ ಮಾಡಿದ ಪಾಪ ಅವನಿಗೆ. ಶಾಸನಗಳ ಕೊನೆಗೆ ಬರುವ ಶಾಪಾಶಯದಲ್ಲಿ, ಎಂದರೆ ಶಾಪದ ಮಾತಿನಲ್ಲಿ, ಕವಿಲೆ ಹಸು ಕೊಂದ ಪಾಪ, ವಾರಣಾಸಿಯಲ್ಲಿ ಬ್ರಾಹ್ಮಣರನ್ನು ಕೊಂದ ಪಾಪ ಎಂದೆಲ್ಲ ಬರುವುದು ವಾಡಿಕೆ. ಇಲ್ಲಿ ಮಾತ್ರ ನಾಯಿಯ ಪಾಪ. ಬರೆಸಿದವರಿಗೆ ತಮಾಷೆಯ ಸ್ವಭಾವ ಇತ್ತು ಅಂದುಕೊಂಡಿದ್ದೆ. ನಾಯಿ ಹೊಲಗಳಲ್ಲಿ ಏನೇನು ಮಾಡಿಕೊಂಡು ಬರುತ್ತದೆ ಎಂಬುದರ ಪೂರ್ತಿ ಲೆಕ್ಕ ಅವರಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮ ಸುತ್ತಲೇ ನೋಡಿದರೂ ಲೆಕ್ಕ ಸಣ್ಣದಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮ ಇದೆ. ಕಲ್ಲು, ಕುರುಚಲು, ಹುಲ್ಲು. ಅಲ್ಲಿನ ತೋಳಕ್ಕೆ ಬಂದೂಕಿಗಿಂತ ಹತ್ತಿರದ ಗಂಡಾಂತರ ಊರ ನಾಯಿ. ಬೇಕೆಂದು ಕಾದಾಡುವುದೇ ಬೇಡ; ಡಿಸ್ಟೆಂಪರ್, ರೇಬಿಸ್‌ನಂಥ ರೋಗ ಅಂಟಿಸಿ ಬಂದರೆ ಆಯಿತು. ಇಲ್ಲವೇ ಪ್ರೀತಿ ಮಾಡಿದರೂ ಆಯಿತು. ತೋಳ-ನಾಯಿ ಬೀಗರಾದರೆ ಮರಿ ಆಗುತ್ತವೆ, ಆ ಮರಿಗೂ ಮರಿ ಆಗುತ್ತವೆ, ನಾಲ್ಕು ತಲೆಮಾರಿಗೆ ತೋಳ ಎಂಬುದು ‘ತೋಳ ಬಂತು ತೋಳ’ ಕತೆಯಲ್ಲಷ್ಟೇ ಉಳಿಯುತ್ತದೆ. ಇತ್ತ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅದು ಹೆಸರಿಗಷ್ಟೇ ನಾಯಿ. ಆ ಹೆಸರಿಟ್ಟವರನ್ನು ನೀರುನಾಯಿಗಳು ಕ್ಷಮಿಸಿರಲಾರವು.

ಮರುದಿನ ಗುಡಿಸುವ ಅಮ್ಮ ಗೂಡಿನ ಸುತ್ತ ಜಾಲಿಮುಳ್ಳು ಹಾಕಿದ್ದಳು. ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಮೇ ಮೊದಲ ವಾರ ಎರಡು ಮರಿ ಕಂಡವು. ಹತ್ತಿಯ ಉಂಡೆಗೆ ಕಡ್ಡಿ ಚುಚ್ಚಿದಂತೆ ಕಾಲು, ಹುಟ್ಟಿದವೇ ಓಡಾಟ. ತಾಯಿ ಒಮ್ಮೆ ಕೂಗಿದರೆ ಅಲ್ಲೇ ನೆಲಕ್ಕೆ ಅಂಟಿ ಕಲ್ಲಾಗುತ್ತಿದ್ದವು. ಮೂರನೆಯ ಮೊಟ್ಟೆ ಏನಾಯಿತೋ ನಾನು ಕೇಳಲಿಲ್ಲ.

ಈಗ ಕಾಳಿಯ ಬೆಲ್ಟು ಬಿಚ್ಚುವುದಿಲ್ಲ. ಓಡಿಸಲು ಗೆಳೆಯರೊಬ್ಬರ ಗೋದಾಮಿನ ಕಾಂಪೌಂಡು ಸಿಕ್ಕಿದೆ; ನಾಲ್ಕೂ ಕಡೆ ಗೋಡೆ, ಒಳಗೆ ಭತ್ತದ ಹೊಟ್ಟು, ಮತ್ತೇನಿಲ್ಲ. ಪಾರ್ಕಿನ ಕಡೆ ಹೋದರೆ ನಾವು ಗೇಟಿನ ಹೊರಗಿನ ರಸ್ತೆಯಲ್ಲೇ ತಿರುಗುತ್ತೇವೆ. ಅಂಗೈಗೆ ಹಳೆ ಟವೆಲ್ಲು ಸುತ್ತಿಕೊಂಡಿರುತ್ತೇನೆ. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂಬುದು ನೋಡುವವರ ದೃಷ್ಟಿಗೆ ಬಿಟ್ಟದ್ದು.

ಮೊನ್ನೆ ಬಡಾವಣೆಗೆ ಹೊಸದಾಗಿ ಬಂದವರೊಬ್ಬರು ಎದುರಾದರು. ಕಾಳಿಯನ್ನು ಕಂಡು ನಿಂತರು.

“ಕಡಿತೈತೇನ್ರಿ?”

“ಕಡಿಯಂಗಿಲ್ರಿ. ಆದ್ರ ಏನಾರ ಮಾಡತೈತಿ, ನೀವು ಆ ಕಡೆಯಿಂದ ಬರ್ರಿ.”

ಅವರು ಕಾಳಿಯ ಪಕ್ಕೆಲುಬನ್ನು ಒಂದೊಂದಾಗಿ ನೋಡಿದರು, ನನ್ನ ಹೊಟ್ಟೆಯನ್ನೂ ನೋಡಿದರು.

“ಮತ್ತ ಊಟಕ್ಕರ ಸರಿಯಾಗಿ ಹಾಕ್ರಲಾ ಅದಕ್ಕ” ಎಂದು ಆ ಕಡೆಯಿಂದ ಹೋದರು.